ಸಿಮೆಂಟ್ ಬದಲಾದಾಗ ಕಾಂಕ್ರೀಟ್ ಹೆಚ್ಚು ಕುಗ್ಗುವುದೇಕೆ?

ಪ್ರಶ್ನೆ: ವೈಬ್ರೇಟರ್ ಇಲ್ಲದೆ ತಾನಾಗಿಯೇ ಹರಿದು ಅಚ್ಚು ತುಂಬುವ ಸ್ವಯಂ ಸಾಂದ್ರಗೊಳ್ಳುವ ಕಾಂಕ್ರೀಟಿಗೆ ಅದೇ ದರ್ಜೆಯ ಬೇರೊಂದು ಸಿಮೆಂಟ್ ಬಳಸಿದೆವು. ಜಲ್ಲಿ, ಮರಳು ಬದಲಾಗಿಲ್ಲ. ಆದರೂ ಒಣಗುವಾಗಿನ ಕುಗ್ಗುವಿಕೆ ಹೆಚ್ಚಿದೆ. ಹೊಸ ಸಿಮೆಂಟಿನಲ್ಲಿ ನೀರಿನೊಂದಿಗೆ ಬಹುಬೇಗ ವರ್ತಿಸುವ ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟ್ ಎಂಬ ಘಟಕ ಜಾಸ್ತಿ ಇದೆ. ಅದೇ ಕಾರಣವೇ?

ಉತ್ತರ: ಅದೊಂದನ್ನೇ ದೂರುವುದು ಅವಸರವಾದೀತು. ದರ್ಜೆಯೆಂಬುದು ಬಲದ ಲೆಕ್ಕವೇ ಹೊರತು ಕುಗ್ಗುವಿಕೆಯದಲ್ಲ. ಒಣಗುವಾಗ ಕುಗ್ಗುವುದು ಮುಖ್ಯವಾಗಿ ಸಿಮೆಂಟ್ ಪೇಸ್ಟ್, ಅಂದರೆ ಸಿಮೆಂಟ್ ಮತ್ತು ನೀರಿನ ಮಿಶ್ರಣ. ಅದರ ಸೂಕ್ಷ್ಮ ರಂಧ್ರಗಳಿಂದ ನೀರು ಆರಿಹೋದಂತೆ ಉಳಿದ ನೀರಿನ ಮೇಲ್ಮೈ ಬಾಗಿ ರಂಧ್ರದ ಗೋಡೆಗಳನ್ನು ಒಳಕ್ಕೆಳೆಯುತ್ತದೆ, ಜಲ್ಲಿ ಆ ಎಳೆತಕ್ಕೆ ಅಡ್ಡ ನಿಲ್ಲುತ್ತದೆ. ನಿಮ್ಮ ಬಗೆಯ ಕಾಂಕ್ರೀಟಿನಲ್ಲಿ ಹರಿವಿಗಾಗಿ ಪೇಸ್ಟ್ ಹೆಚ್ಚಿಸಿ ಜಲ್ಲಿ ಕಡಿಮೆ ಮಾಡಿರುವುದರಿಂದ, ಸಾಮಾನ್ಯ ಕಾಂಕ್ರೀಟಿನಲ್ಲಿ ಗಮನಕ್ಕೆ ಬಾರದೆ ಹೋಗಬಹುದಾದ ಸಿಮೆಂಟಿನ ಗುಣವೂ ಇಲ್ಲಿ ಎದ್ದು ಕಾಣುತ್ತದೆ.

ಅಲ್ಯುಮಿನೇಟನ್ನು, ಅದರ ವರ್ತನೆಯನ್ನು ನಿಧಾನಗೊಳಿಸಲು ಸಿಮೆಂಟಿಗೆ ಬೆರೆಸುವ ಜಿಪ್ಸಮ್ ಜೊತೆಗಿಟ್ಟೇ ನೋಡಬೇಕು. ಅಲ್ಯುಮಿನೇಟ್ ಹೆಚ್ಚಿದ್ದು ಜಿಪ್ಸಮ್ ಸಾಲದಿದ್ದರೆ ಕುಗ್ಗುವಿಕೆ ಏರುತ್ತದೆ. ಅಷ್ಟೇ ಅಲ್ಯುಮಿನೇಟಿಗೆ ತಕ್ಕಷ್ಟು ಜಿಪ್ಸಮ್ ಇದ್ದರೆ ಗಣನೀಯವಾಗಿ ಇಳಿಯಬಹುದು. ಆದ್ದರಿಂದ ಪರೀಕ್ಷಾ ವರದಿಯಲ್ಲಿ, ಜಿಪ್ಸಮ್ ಪ್ರಮಾಣವನ್ನು ಸೂಚಿಸುವ ಸಲ್ಫರ್ ಟ್ರೈಆಕ್ಸೈಡ್ ಎಷ್ಟಿದೆಯೆಂದು ಮೊದಲು ನೋಡಿ.

ಕ್ಷಾರಾಂಶಕ್ಕೆ ನಮ್ಮಲ್ಲಿ ಸಿಗುವ ಗಮನ ತೀರಾ ಕಡಿಮೆ ಎಂಬುದು ನನ್ನ ಅನಿಸಿಕೆ. ಸೋಡಿಯಂ ಆಕ್ಸೈಡಿನ ಶೇಕಡಾವಾರು ಅಂಕಿಗೆ ಪೊಟ್ಯಾಸಿಯಂ ಆಕ್ಸೈಡಿನ 0.658 ಪಟ್ಟು ಸೇರಿಸಿದರೆ ಒಟ್ಟು ಕ್ಷಾರ ಸಿಗುತ್ತದೆ. ಉದಾಹರಣೆಗೆ, ಮೊದಲನೆಯದು 0.2, ಎರಡನೆಯದು 0.9 ಇದ್ದರೆ ಮೊತ್ತ ಸುಮಾರು 0.79, ಕಡಿಮೆ ಕ್ಷಾರದ ಸಿಮೆಂಟಿಗೆ ರೂಢಿಯಲ್ಲಿರುವ ಮಿತಿ 0.6. ಕ್ಷಾರ ಹೆಚ್ಚಿದಷ್ಟೂ ಕುಗ್ಗುವಿಕೆಯೂ ಬಿರುಕಿನ ಸಂಭವವೂ ಹೆಚ್ಚುವುದು ಕಂಡುಬಂದಿದೆ. ಸಿಮೆಂಟ್ ಹೆಚ್ಚು ನುಣ್ಣಗಿದ್ದರೂ ಇದೇ ದಿಕ್ಕಿನ ಪರಿಣಾಮ.

ಇಷ್ಟು ಹೇಳಿದ ಮೇಲೂ ನೀರಿನ ವಿಷಯದಲ್ಲಿ ಒಂದು ಅನುಮಾನ ಉಳಿಯುತ್ತದೆ. ಅಲ್ಯುಮಿನೇಟ್ ಹೆಚ್ಚಿರುವ, ನುಣುಪಾದ ಸಿಮೆಂಟ್ ಸೂಪರ್‌ಪ್ಲಾಸ್ಟಿಸೈಜರನ್ನು (ನೀರು ಹೆಚ್ಚಿಸದೆ ಹರಿವು ಕೊಡುವ ರಾಸಾಯನಿಕವನ್ನು) ಬೇಗ ಹೀರಿಕೊಳ್ಳುವುದರಿಂದ ಹರಿವು ಕುಸಿಯುತ್ತದೆ, ಆಗ ಯಾರೋ ಒಂದು ಬಕೆಟ್ ನೀರು ಸುರಿದಿರುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದು ಇರುವುದಿಲ್ಲ. ಅಳತೆಯೂ ಸೂಕ್ಷ್ಮವಾದದ್ದು: 250 ಮಿ.ಮೀ. ಅಳತೆ ಉದ್ದದ ಮಾದರಿ 600 ಮೈಕ್ರೋಸ್ಟ್ರೈನ್ (ಉದ್ದದ ಹತ್ತು ಲಕ್ಷದಲ್ಲಿ 600 ಭಾಗ) ಕುಗ್ಗಿದರೆ ಅದು ಕೇವಲ 0.15 ಮಿ.ಮೀ. ಎರಡೂ ಮಾದರಿಗಳ ಕ್ಯೂರಿಂಗ್ ಅವಧಿ, ತಾಪಮಾನ, ಗಾಳಿಯ ತೇವಾಂಶ ಒಂದೇ ಆಗಿರದಿದ್ದರೆ ಹೋಲಿಕೆಗೆ ಬೆಲೆಯಿಲ್ಲ.

ನೀರು ನಿಜಕ್ಕೂ ಬದಲಾಗಿಲ್ಲವಾದರೆ, ಹೊಸ ಸಿಮೆಂಟಿನಿಂದ ಗಾರೆಯ ಎರಡು ತಂಡ ಮಾದರಿಗಳನ್ನು ಮಾಡಿ, ಒಂದಕ್ಕೆ ಮಾತ್ರ ಸ್ವಲ್ಪ ಜಿಪ್ಸಮ್ ಸೇರಿಸಿ ನೋಡಿ. ಅದರ ಕುಗ್ಗುವಿಕೆ ಸ್ಪಷ್ಟವಾಗಿ ಇಳಿದರೆ ಕೊರತೆ ಜಿಪ್ಸಮ್ಮಿನದು. ಇದು ಪ್ರಯೋಗಾಲಯದ ತಪಾಸಣೆ ಮಾತ್ರ. ಹೆಚ್ಚಾದ ಜಿಪ್ಸಮ್ ಗಟ್ಟಿಯಾದ ಕಾಂಕ್ರೀಟನ್ನು ಉಬ್ಬಿಸಿ ಒಡೆಯಬಲ್ಲದಾದ್ದರಿಂದ ಕೆಲಸದ ಕಾಂಕ್ರೀಟಿಗೆ ಸೇರಿಸಕೂಡದು.