ರೆಡ್ ಏಲ್‌ಗೆ ಕಾಫಿ ರುಚಿ ಬಂದಿದ್ದರೆ

ಮಡಿಕೇರಿಯ ಮನೆಯಲ್ಲಿ 5 ಲೀಟರ್ ರೆಡ್ ಏಲ್ (ಕೆಂಪು ಬಣ್ಣದ ಒಂದು ಬಗೆಯ ಬಿಯರ್) ಮಾಡಿದಿರಿ, ಕಡುಕಂದು ಬಣ್ಣ ಬಂತು, ಕಾಫಿ ರುಚಿ ಬಂತು, ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂವು) ಘಮ ಮಾತ್ರ ಇಲ್ಲ ಅಂತ ಬರೆದಿದ್ದೀರಿ. ಕಾರಣ ನಿಮ್ಮ ಅಳತೆಯಲ್ಲೇ ಇದೆ. 1.3 ಕೆಜಿ ಮಾಲ್ಟ್‌ಗೆ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) 100 ಗ್ರಾಂ ಹುರಿದ ಬಾರ್ಲಿ ತುಂಬಾ ಜಾಸ್ತಿ, ಅದು ಸ್ಟೌಟ್ ಎಂಬ ಕಪ್ಪು ಬಿಯರ್‌ನ ಲೆಕ್ಕ. ಕೆಂಪು ಬರಲು 20-25 ಗ್ರಾಂ ಸಾಕು. ಅದನ್ನೂ ಮ್ಯಾಶ್‌ನ (ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿಡುವ ಹಂತ) ಕೊನೆಯ 10 ನಿಮಿಷದಲ್ಲಿ ಹಾಕಿ. ದಯವಿಟ್ಟು ಕೈಯಳತೆ ಬೇಡ. ಸಣ್ಣ ಬ್ಯಾಚ್‌ನಲ್ಲಿ 10 ಗ್ರಾಂ ಹೆಚ್ಚಾದರೂ ಗ್ಲಾಸಿನಲ್ಲಿ ಕಾಣುತ್ತದೆ.

ಹಾಪ್ಸ್ ಎಲ್ಲವನ್ನೂ ಕುದಿಯುವಾಗಲೇ ಹಾಕಿದ್ದೀರಿ, ಅಲ್ವಾ? ಘಮದ ಎಣ್ಣೆ ಆವಿಯ ಜೊತೆ ಹೋಗಿಬಿಡುತ್ತದೆ. ಕಹಿಗೆ ಬೇಕಾದಷ್ಟನ್ನು ಮಾತ್ರ ಪೂರ್ತಿ ಒಂದು ಗಂಟೆ ಕುದಿಸಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ ಮಂಗಳೂರಿಗಿಂತ ಕಹಿ ಸ್ವಲ್ಪ ಕಡಿಮೆಯೇ ಇಳಿಯುತ್ತದೆ. ಒಲೆ ಆರಿಸಿ, 80 ಡಿಗ್ರಿಗೆ ಇಳಿದ ಮೇಲೆ 15 ಗ್ರಾಂ ಹಾಕಿ 20 ನಿಮಿಷ ಬಿಡಿ. ಹುದುಗುವುದು ಮುಗಿದ ಮೇಲೆ ಮತ್ತೆ 15 ಗ್ರಾಂ, ಮೂರು ದಿನ. ನನಗಂತೂ ಈ ಕೊನೆಯ ಹಾಕುವಿಕೆಯೇ ಇಡೀ ಏಲ್‌ನ ಜೀವ.

ನಮ್ಮ ಮಳೆಗಾಲದ ತೇವದಲ್ಲಿ ಹಾಪ್ಸ್ ಪ್ಯಾಕೆಟ್ ಸುಮ್ನೆ ಹೊರಗಿಡಬೇಡಿ. ಗಾಳಿ ತೆಗೆದು ಕಟ್ಟಿ ಫ್ರೀಜರ್‌ನಲ್ಲಿಡಿ. ಆದರೆ ಅದೇ ಮಳೆಗಾಲದ ತಂಪು ಏಲ್ ಯೀಸ್ಟ್‌ಗೆ ಬಹಳ ಒಳ್ಳೆಯದು. 18-20 ಡಿಗ್ರಿ ಇರುವ ಮೂಲೆ ನೋಡಿ ಇಡಿ.