ಪಂಪ್ ಇಡೀ ದಿನ ಓಡಬೇಕಾ?

ಪ್ರಶ್ನೆ: ವೈಟ್‌ಫೀಲ್ಡ್‌ನಲ್ಲಿರುವ ನಮ್ಮ ಮನೆಯ ಈಜುಕೊಳ 50,000 ಲೀಟರಿನದು. ಪಂಪ್ 24 ಗಂಟೆಯೂ ಓಡುತ್ತೆ, ಕರೆಂಟ್ ಬಿಲ್ ನೋಡಿದರೆ ಎದೆ ಧಸಕ್ಕೆನ್ನುತ್ತೆ. ಕಡಿಮೆ ಮಾಡಿದರೆ ನೀರು ಕೆಡಲ್ವಾ?

ಉತ್ತರ: ಮನೆಮಂದಿಯಷ್ಟೇ ಈಜುವುದಾದರೆ ಇಡೀ ದಿನ ಬೇಡ. ಪಂಪ್ ಗಂಟೆಗೆ 10,000 ಲೀಟರ್ ಎಳೆದರೆ ಕೊಳದಷ್ಟು ನೀರು ಫಿಲ್ಟರ್ ದಾಟೋಕೆ 5 ಗಂಟೆ ಸಾಕು, ಫಿಲ್ಟರ್ ಕಟ್ಟಿಕೊಂಡಿದ್ದರೆ ಜಾಸ್ತಿ ಹಿಡಿಯುತ್ತೆ, ಹಾಗಾಗಿ ದಿನಕ್ಕೆ ಒಟ್ಟು 7 ಗಂಟೆ ಓಡುವಂತೆ ಟೈಮರ್ ಇಡಿ. ಆ ಏಳೂ ಗಂಟೆಯನ್ನ ರಾತ್ರಿಗೇ ತಳ್ಳಬೇಡಿ. ಪಾಚಿ ಬೆಳೆಯೋದು ಬಿಸಿಲಲ್ಲಿ, ಕ್ಲೋರಿನ್ ಬೇಗ ಖರ್ಚಾಗೋದೂ ಬಿಸಿಲಲ್ಲೇ. ಬೆಳಗ್ಗೆ 4 ಗಂಟೆ ಹೊತ್ತು, ಸಂಜೆ 3 ಗಂಟೆ ಹೊತ್ತು ಓಡಲಿ. ಸಂಜೆ ಪಂಪ್ ಓಡುತ್ತಿರುವಾಗಲೇ ಕ್ಲೋರಿನ್ ಹಾಕಿ, ನೀರಿಗೆಲ್ಲ ಬೆರೆಯುತ್ತೆ. ಮಳೆ ಬಂದ ಮಾರನೇ ದಿನ ತಳದ ಟೈಲ್ಸ್ ಗೆರೆ ಮಸುಕಾಗಿ ಕಂಡರೆ ದಯವಿಟ್ಟು ಯಾರನ್ನೂ ಇಳಿಸಬೇಡಿ, ಆವತ್ತು ಕರೆಂಟ್ ಲೆಕ್ಕ ಬಿಟ್ಟು ನೀರು ತಿಳಿಯಾಗೋವರೆಗೂ ಪಂಪ್ ಓಡಿಸಿ.