ದುಬೈ ಪ್ಯಾಕೇಜಿನಲ್ಲಿರುವ ಡಾಲ್ಫಿನ್ ಈಜಿನ ಬಗ್ಗೆ

ದುಬೈ ಪ್ರವಾಸದ ಪ್ಯಾಕೇಜಿನಲ್ಲಿ ಸೇರಿರುವ, ಕೊಳದಲ್ಲಿ ಡಾಲ್ಫಿನ್‌ಗಳ ಜೊತೆ ಈಜುವ ಕಾರ್ಯಕ್ರಮಕ್ಕೆ ಮಗಳನ್ನು ಕರೆದೊಯ್ಯಬೇಕೇ ಎಂಬ ನಿಮ್ಮ ಗೊಂದಲಕ್ಕೆ ಬಹುಶಃ ಜಾಹೀರಾತಿನಲ್ಲಿ ಕಾಣುವ ಡಾಲ್ಫಿನ್‌ನ ನಗುಮುಖವೇ ಕಾರಣ. ಆದರೆ ಅದು ದವಡೆಯ ಆಕಾರವೇ ಹೊರತು ಸಂತೋಷದ ಗುರುತಲ್ಲ. ಕಡಲಿನಲ್ಲಿ ದಿನಕ್ಕೆ ಹತ್ತಾರು ಕಿಲೋಮೀಟರ್ ಸಂಚರಿಸಬಲ್ಲ, ಪ್ರತಿಧ್ವನಿಯಿಂದಲೇ ದಾರಿಯನ್ನೂ ಬೇಟೆಯನ್ನೂ ಗುರುತಿಸುವ, ಗುಂಪಿನ ನಂಟಿನಲ್ಲಿ ಬಾಳುವ ಜೀವಿಯನ್ನು ಕೊಳದಲ್ಲಿಟ್ಟು ದಿನವೂ ಅಪರಿಚಿತರ ಕೈಗೊಪ್ಪಿಸುವುದನ್ನು ನಾನು ಸಮರ್ಥಿಸಲಾರೆ. ಡಾಲ್ಫಿನ್‌ಗಳನ್ನು ಕೊಳದಲ್ಲಿ ಸಾಕಿ ಪ್ರದರ್ಶಿಸುವ ಕೇಂದ್ರಗಳಿಗೆ, ಅಂದರೆ ಡಾಲ್ಫಿನೇರಿಯಂಗಳಿಗೆ, ಅನುಮತಿ ನೀಡಬಾರದೆಂದು ನಮ್ಮ ಕೇಂದ್ರ ಸರ್ಕಾರ 2013ರಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ.

ಮೊದಲು ಮಂಗಳೂರಿನ ನಿಮ್ಮ ಏಜೆಂಟರಿಗೆ ಆ ಟಿಕೆಟನ್ನು ಬೇರೆ ಕಾರ್ಯಕ್ರಮಕ್ಕೆ ಬದಲಿಸಿಕೊಡುವಂತೆ ಲಿಖಿತವಾಗಿ ಕೇಳಿ. ಹಣ ಮರಳುವುದು ಒಪ್ಪಂದವನ್ನು ಅವಲಂಬಿಸಿರುವುದರಿಂದ ಖಚಿತವೆನ್ನಲಾಗದು. ಇವು ಸೆರೆಯಲ್ಲೇ ಹುಟ್ಟಿದವು ಎಂದು ಅವರು ಸಮಾಧಾನ ಹೇಳಿದರೂ ಒಪ್ಪಬೇಡಿ: ಹಿಡಿದು ತಂದ ಹಿಂಸೆ ತಪ್ಪಿರಬಹುದು, ಸೆರೆ ತಪ್ಪಿಲ್ಲ. ಬಳಿಕ, ಹೊರಡುವ ಮುನ್ನವೇ ಮಗಳಿಗೆ ಕಾರಣವನ್ನು ತಿಳಿಸಿ.

ಮಗಳಿಗೆ ಡಾಲ್ಫಿನ್ ತೋರಿಸುವ ಆಸೆಯಿದ್ದರೆ, ಮಳೆಗಾಲ ಕಳೆದ ಮೇಲೆ ಮಲ್ಪೆಯಿಂದ ದೋಣಿಯಲ್ಲಿ ಹೋದರೆ ನಮ್ಮ ಕಡಲಿನ ಗೂನುಬೆನ್ನಿನ ಡಾಲ್ಫಿನ್‌ಗಳು ಕಾಣಸಿಗಬಹುದು, ಕಾಣದೆಯೂ ಇರಬಹುದು. ಅವುಗಳನ್ನು ಬೆನ್ನಟ್ಟಬಾರದು, ಕಂಡೊಡನೆ ಎಂಜಿನ್ ನಿಧಾನಿಸಿ ದೂರದಲ್ಲೇ ನಿಲ್ಲಬೇಕು ಎಂದು ಬಾಡಿಗೆ ಮಾತನಾಡುವಾಗಲೇ ದೋಣಿಯವರನ್ನು ಒಪ್ಪಿಸಿಕೊಳ್ಳಿ.